ಆರ್ಲೋ ಕೊವಾಚ್ ಹಿಡಿದ ಚೆಂಡು

ಬೇಕರಿಯ ನೋಟೀಸು ಹಲಗೆಗೆ ಗುಂಡುಪಿನ್ನು ಚುಚ್ಚಿ ಸಿಕ್ಕಿಸಿದ್ದ ಚೀಟಿಯಲ್ಲಿ ಎರಡೇ ಸಾಲುಗಳಿದ್ದವು. ಮೂರನೇ ಒಲೆಯ ಆರ್ಲೋ ಕೊವಾಚ್ ಸೋಮವಾರದಿಂದ ಮಧ್ಯಾಹ್ನ ಎರಡರ ಪಾಳಿಗೆ ಬರತಕ್ಕದ್ದು. ಮುಂದಿನ ಆದೇಶದವರೆಗೆ ಇದೇ ಕ್ರಮ. ಕೆಳಗೆ ಯಾರ ಸಹಿಯೂ ಇರಲಿಲ್ಲ. ಇನ್ನೊಬ್ಬನ ದಿನವನ್ನು ತಲೆಕೆಳಗು ಮಾಡುವ ಕಾಗದಕ್ಕೆ ಸಹಿ ಹಾಕುವಷ್ಟು ಧೈರ್ಯ ಆ ಕಂಪನಿಯಲ್ಲಿ ಯಾರಿಗೂ ಇರಲಿಲ್ಲ.

ಪಾಳಿ ಬದಲಾದದ್ದಕ್ಕೆ ಬೇರೆಯವರಾಗಿದ್ದರೆ ನಿದ್ದೆಯ ಬಗ್ಗೆಯೋ ಊಟದ ಬಗ್ಗೆಯೋ ಕೊರಗುತ್ತಿದ್ದರು. ಆರ್ಲೋ ಕೊರಗಿದ್ದು ಸಂಜೆ ಐದೂವರೆಯ ಬಗ್ಗೆ. ಐದೂವರೆಗೆ ಪೋರ್ಟ್ ಹ್ಯಾಲೆಟ್ ಊರಿನ ಬೇಸ್‌ಬಾಲ್ ಮೈದಾನದ ಬಾಗಿಲು ತೆರೆಯುತ್ತದೆ. ಆಟ ಶುರುವಾಗುವುದು ಏಳಕ್ಕೆ. ಅದಕ್ಕೂ ಮೊದಲು ಮುಕ್ಕಾಲು ಗಂಟೆ ಆಟಗಾರರು ಒಬ್ಬೊಬ್ಬರಾಗಿ ಬಂದು ಬ್ಯಾಟಿಂಗ್ ಅಭ್ಯಾಸ ಮಾಡುತ್ತಾರೆ. ಆಗ ಚೆಂಡುಗಳು ಆಲಿಕಲ್ಲಿನ ಹಾಗೆ ಎಡಗಡೆ ಸ್ಟ್ಯಾಂಡಿನ ಮೇಲೆ ಸುರಿಯುತ್ತವೆ. ಹತ್ತೊಂಬತ್ತು ವರ್ಷದಿಂದ ಆರ್ಲೋ ಬೆಳಗಿನ ಪಾಳಿ ಮುಗಿಸಿ, ಸ್ನಾನ ಮಾಡಿ, ಆ ಆಲಿಕಲ್ಲಿನ ಕೆಳಗೆ ಹೋಗಿ ನಿಂತಿದ್ದ. ಒಂದೂ ಅವನ ಕೈಗೆ ಬಿದ್ದಿರಲಿಲ್ಲ.

ಆ ಸ್ಟ್ಯಾಂಡಿಗೆ ಬರುವವರಿಗೆ ಸ್ವಂತ ಊರಿನ ತಂಡವಾದ ಹೆರನ್ಸ್ ಅಭ್ಯಾಸ ಮಾಡುವುದನ್ನು ನೋಡುವ ಭಾಗ್ಯವೂ ಇರಲಿಲ್ಲ. ಹೆರನ್ಸ್ ಮೊದಲೇ ಆಡಿ ಮುಗಿಸಿಬಿಡುತ್ತಿತ್ತು. ಅದನ್ನು ನೋಡಲು ಮೇಲಿನ ದುಬಾರಿ ಗಾಜಿನ ಕೋಣೆಗಳ ಚೀಟಿ ಇದ್ದವರನ್ನು ನಾಲ್ಕೂವರೆಗೇ ಒಳಗೆ ಬಿಟ್ಟುಕೊಂಡು ತಣ್ಣನೆಯ ಬಿಯರು ಕೊಡುತ್ತಿದ್ದರು. ಮಾಮೂಲಿ ಟಿಕೇಟಿನವರಿಗೆ ಬಾಗಿಲು ತೆರೆಯುವ ಹೊತ್ತಿಗೆ ಪರಊರಿನ ತಂಡ ಬ್ಯಾಟು ಹಿಡಿದಿರುತ್ತಿತ್ತು. ಬ್ರೆಡ್ ಸುಟ್ಟವನ ಪಾಲಿಗೆ ಇನ್ನೊಬ್ಬರ ಊರಿನ ಚೆಂಡು. ಆದರೂ ಚೆಂಡು ಚೆಂಡೇ.

ಸ್ಟ್ಯಾಂಡಿನ ಕಟ್ಟಕಡೆಯ ಹನ್ನೊಂದನೇ ಸಾಲಿನ ಮರದ ಬೆಂಚಿಗೆ ಒಂದು ಉದ್ದನೆಯ ಬೆನ್ನಿತ್ತು. ಅದರ ಮೇಲೆ ಕಪ್ಪು ಮಸಿಯಲ್ಲಿ ಅರವತ್ತು ಎಪ್ಪತ್ತು ಹೆಸರುಗಳಿದ್ದವು. ಕೆಲವು ಸತ್ತವರವು, ಕೆಲವು ಊರು ಬಿಟ್ಟವರವು. ಅಲ್ಲಿ ಹೆಸರು ಬರೆಸಿಕೊಳ್ಳಲು ಮೂರು ಷರತ್ತು. ಚೆಂಡು ಬ್ಯಾಟಿನಿಂದಲೇ ಹಾರಿ ಬಂದಿರಬೇಕು, ಆಟಗಾರ ಕನಿಕರಪಟ್ಟು ಕೈಯಿಂದ ಎಸೆದದ್ದು ಲೆಕ್ಕಕ್ಕಿಲ್ಲ. ನೆಲ ಮುಟ್ಟುವ ಮೊದಲೇ ಹಿಡಿದಿರಬೇಕು. ಹಿಡಿದದ್ದನ್ನು ಬೆಂಚಿನ ಮೇಲೆ ಹೆಸರಿದ್ದ ಒಬ್ಬರಾದರೂ ಕಣ್ಣಾರೆ ಕಂಡಿರಬೇಕು. ಹೆಸರಿಲ್ಲದವರನ್ನು ಅಲ್ಲಿ ‘ನೆಂಟರು’ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷ ಒಂದೇ ಮನೆಗೆ ಬಂದು ಹೋಗುತ್ತಿದ್ದ ನೆಂಟ ಆರ್ಲೋ ಒಬ್ಬನೇ.

ಭಾನುವಾರ ಬೇಕರಿಗೆ ರಜೆ. ಆದರೆ ಭಾನುವಾರ ಆಟ ಮಧ್ಯಾಹ್ನವೇ ಆಗುವುದರಿಂದ ಅಭ್ಯಾಸ ಇರುವುದಿಲ್ಲ. ಅಂದರೆ ಶನಿವಾರವೇ ಕೊನೆ.

ಈ ವಿಷಯವನ್ನು ಆರ್ಲೋ ಯಾರಿಗೂ ಹೇಳಬಾರದೆಂದಿದ್ದ. ಆದರೆ ತಲೆಗೂದಲು ಕತ್ತರಿಸಿಕೊಳ್ಳಲು ಕ್ಲಿಯೋಟಿಸ್ ವಿಟ್ಲೋನ ಅಂಗಡಿಗೆ ಹೋದವನ ಬಾಯಿಂದ ಅದು ಜಾರಿತು. ಕ್ಲಿಯೋಟಿಸ್‌ನ ಹೆಸರು ಬೆಂಚಿನ ಮೇಲೆ ಇಪ್ಪತ್ತೆರಡು ವರ್ಷದಿಂದ ಇತ್ತು, ಅವನ ಕತ್ತರಿಗಿಂತ ನಾಲಿಗೆ ಹರಿತವಾಗಿತ್ತು. ಶನಿವಾರ ಐದೂಮುಕ್ಕಾಲಿಗೆ ಆರ್ಲೋ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಇಡೀ ಹನ್ನೊಂದನೇ ಸಾಲು ಮದುವೆ ಮನೆಯವರ ಹಾಗೆ ಎದ್ದು ನಿಂತಿತ್ತು.

ನಡುವೆ ಲೋರ್ನಾ ಪಿಕೆಟ್. ಮೂವತ್ತು ವರ್ಷ ಶಾಲಾ ಬಸ್ಸು ಓಡಿಸಿ ನಿವೃತ್ತಳಾದ ಆಕೆ ನಾನೂರಕ್ಕೂ ಹೆಚ್ಚು ಚೆಂಡು ಹಿಡಿದವಳು. ಹೆಸರು ಬರೆಯುವ ಮಸಿಯ ಪೆನ್ನು ಆಕೆಯ ಜೇಬಿನಲ್ಲೇ ಇರುತ್ತಿತ್ತು, ಆಕೆಯ ಮಾತೇ ಅಲ್ಲಿ ತೀರ್ಪು. ಪಕ್ಕದಲ್ಲಿ ಹಾರ್ಲನ್ ವಾಸ್, ಹಳೇ ಅಂಚೆಯವನು. ಯಾವ ಆಟಗಾರ ಹೊಡೆದರೆ ಚೆಂಡು ಯಾವ ಸಾಲಿನ ಯಾವ ಕುರ್ಚಿಗೆ ಬರುತ್ತದೆ ಎಂಬುದನ್ನು ಚೌಕುಳಿ ಹಾಳೆಗಳ ಮೇಲೆ ಬಣ್ಣ ಬಣ್ಣದ ಚುಕ್ಕೆ ಇಟ್ಟು ನಕ್ಷೆ ಮಾಡಿಟ್ಟುಕೊಂಡಿದ್ದ.

“ಇವತ್ತು ನೀನು ಏನೂ ಯೋಚನೆ ಮಾಡಬೇಡ. ಯೋಚನೆ ಎಲ್ಲ ನಾವು ಮಾಡ್ತೀವಿ” ಎಂದಳು ಲೋರ್ನಾ.

ಆರ್ಲೋನ ಕಷ್ಟ ಶುರುವಾದದ್ದು ಅಲ್ಲಿಂದ.

ಕ್ಲಿಯೋಟಿಸ್ ತನ್ನ ಅದೃಷ್ಟದ ಗ್ಲೌಸನ್ನು ಒತ್ತಾಯ ಮಾಡಿ ತೊಡಿಸಿದ. ಅದು ಎಡಗೈ ಆಟಗಾರರದು, ಅಂದರೆ ಬಲಗೈಗೆ ಹಾಕಬೇಕಾದದ್ದು. ಆರ್ಲೋ ತನ್ನದೇ ಹಳೆಯ ಗ್ಲೌಸು ಸಾಕೆಂದ. ಆ ಗ್ಲೌಸು ಹತ್ತೊಂಬತ್ತು ವರ್ಷದಲ್ಲಿ ಏನು ಕಡಿದು ಕಟ್ಟೆ ಹಾಕಿದೆ ಎಂದು ಕ್ಲಿಯೋಟಿಸ್ ಕೇಳಿದ. ಆರ್ಲೋ ಬಲಗೈ ಚಾಚಿದ. ಕನ್ನಡಿಯಲ್ಲಿ ನೋಡಿಕೊಂಡು ಗಡ್ಡ ಕೆರೆಯುವವನ ಹಾಗೆ ಅವನ ಎರಡು ಕೈಗೂ ಯಾವುದು ಯಾವ ಕಡೆ ಎಂಬುದು ಮರೆತುಹೋಯಿತು.

ಆ ದಿನದ ಪರಊರಿನ ತಂಡ ಕಾರ್ವರ್ ಸಿಟಿಯ ಮ್ಯೂಲ್ಸ್. ಹೆಸರಿಗೆ ತಕ್ಕ ಹಾಗೆ ಹೇಸರಗತ್ತೆಯಂಥ ಮೈಕಟ್ಟಿನವರು. ಮೊದಲ ಚೆಂಡು ಮೇಲೆದ್ದ ಕೂಡಲೇ ಹಾರ್ಲನ್ ನಕ್ಷೆ ನೋಡಿ ಬಲಕ್ಕೆ ನಾಲ್ಕು ಹೆಜ್ಜೆ ಎಂದ. ಲೋರ್ನಾ ಕಣ್ಣು ಕಿರಿದು ಮಾಡಿ ಎಡಕ್ಕೆ ಎರಡು ಎಂದಳು. ಆರ್ಲೋ ಇಬ್ಬರಿಗೂ ಮರ್ಯಾದೆ ಕೊಡುವ ಮನುಷ್ಯ. ಬಲಕ್ಕೆ ನಾಲ್ಕು ಹೋಗಿ ಎಡಕ್ಕೆ ಎರಡು ಬಂದ. ಅಷ್ಟರಲ್ಲಿ ಚೆಂಡು ಅವನು ಮೊದಲು ನಿಂತಿದ್ದ ಜಾಗಕ್ಕೇ ಬಂದು ಬಿದ್ದು, ಪುಟಿದು, ಆರನೇ ಸಾಲಿನ ಹೆಂಗಸೊಬ್ಬಳ ಚೀಲದೊಳಗೆ ಹೋಗಿ ಕೂತಿತು.

ಎರಡನೆಯದು ಬಂದಾಗ ಅವನ ಕೈಯಲ್ಲಿ ಸಾಸಿವೆ ಸುರಿದ ಹಾಟ್‌ಡಾಗ್ ಇತ್ತು. ಹಸಿದ ಹೊಟ್ಟೆಯಲ್ಲಿ ಕಣ್ಣು ಚುರುಕಿರುವುದಿಲ್ಲ ಎಂದು ಲೋರ್ನಾ ಕೊಡಿಸಿದ್ದಳು. ಆರ್ಲೋ ಗ್ಲೌಸಿರದ ಎಡಗೈ ಎತ್ತಿದ. ಹಾಟ್‌ಡಾಗು ಗಗನಕ್ಕೆ ಹೋಯಿತು, ಚೆಂಡು ಪಕ್ಕಕ್ಕೆ ಹೋಯಿತು, ಸಾಸಿವೆ ಹಾರ್ಲನ್‌ನ ನಕ್ಷೆಯ ಮೇಲೆ ಹೊಸ ಆಟಗಾರನೊಬ್ಬನ ಚುಕ್ಕೆಗಳನ್ನು ಇಟ್ಟಿತು. ಮೂರು ವರ್ಷದ ಕೆಲಸ ಎಂದು ಹಾರ್ಲನ್ ನಿಧಾನವಾಗಿ ಹಾಳೆಯನ್ನು ನೆಕ್ಕತೊಡಗಿದ.

ಮೂರನೆಯದನ್ನು ನೆನೆದರೆ ಕ್ಲಿಯೋಟಿಸ್‌ಗೆ ಈಗಲೂ ಮುಖ ಸಪ್ಪಗಾಗುತ್ತದೆ. ಅದು ನೆಟ್ಟಗೆ ಆರ್ಲೋನ ಎದೆಗೇ ಬರುತ್ತಿತ್ತು. ಆರ್ಲೋ ಎರಡೂ ಕೈ ಒಡ್ಡಿ ನಿಂತಿದ್ದ. ಇಪ್ಪತ್ತೆರಡು ವರ್ಷದ ಅಭ್ಯಾಸ ಕ್ಲಿಯೋಟಿಸ್‌ನ ತೋಳನ್ನು ಅವನಿಗೂ ಹೇಳದೆ ಮುಂದಕ್ಕೆ ಕಳಿಸಿತು. ಆರ್ಲೋನ ಮೂಗಿನ ಮುಂದೆಯೇ ಚೆಂಡನ್ನು ಕಿತ್ತುಕೊಂಡವನು ಬಿಸಿ ಬಾಣಲೆ ಹಿಡಿದವನ ಹಾಗೆ ಅದನ್ನು ಕೆಳಗೆ ಬಿಟ್ಟು, “ನನ್ನ ಕೈ ಕತ್ತರಿಸಿ ಹಾಕಯ್ಯಾ ಆರ್ಲೋ” ಎಂದ.

“ಇರಲಿ ಬಿಡು” ಎಂದ ಆರ್ಲೋ. “ಸೋಮವಾರ ನೀನು ಅಂಗಡಿ ತೆರೀಬೇಕಲ್ಲ.”

ಅಭ್ಯಾಸ ಮುಗಿಯಲು ಇಪ್ಪತ್ತು ನಿಮಿಷ ಉಳಿದಿತ್ತು. ಮ್ಯೂಲ್ಸ್ ತಂಡದ ದೈತ್ಯ ಬ್ರೋಗನ್ ಬ್ಯಾಟು ಹಿಡಿದು ಬಂದ. ಸಲಹೆ ಕೊಡುವವರು ದಣಿದು ಒಂದು ಗಳಿಗೆ ಸುಮ್ಮನಾಗಿದ್ದರು. ಬಹುಶಃ ಅದಕ್ಕೇ ಇರಬೇಕು, ಬ್ರೋಗನ್ ಹೊಡೆದ ಚೆಂಡು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಗಾಳಿಯಲ್ಲಿ ಇಳಿದು, ಆರ್ಲೋನ ಬಲಗೈಯ ಗ್ಲೌಸಿನೊಳಗೆ ಬಂದು ತಪ್ಪನೆ ಕೂತಿತು.

ಲೋರ್ನಾ ಜೇಬಿಗೆ ಕೈ ಹಾಕಿ ಪೆನ್ನಿನ ಮುಚ್ಚಳ ತೆಗೆದಳು. ಆರ್ಲೋ ಗ್ಲೌಸಿನಿಂದ ಚೆಂಡು ತೆಗೆದು ಕೈಯಲ್ಲಿ ಹಿಡಿದು ನೋಡಿದ. ಒಲೆಯಿಂದ ಆಗಷ್ಟೇ ತೆಗೆದ ಬನ್ನಿನಷ್ಟೇ ಬೆಚ್ಚಗಿತ್ತು.

ಅದೇ ಹೊತ್ತಿಗೆ ಟೈರ್ ಕಾರ್ಖಾನೆಯ ನಲವತ್ತು ಜನರ ಗುಂಪೊಂದು ಸ್ಟ್ಯಾಂಡಿನೊಳಗೆ ನುಗ್ಗಿತ್ತು. ಬಸ್ಸಿನಲ್ಲೇ ಬಿಯರು ಕುಡಿದು ಬಂದಿದ್ದ ಅವರಿಗೆ ಆಟ ಶುರುವಾಗಿದೆಯೋ ಇಲ್ಲವೋ ಗೊತ್ತಿರಲಿಲ್ಲ. ಮ್ಯೂಲ್ಸ್ ಅಂಗಿಯವನು ಹೊಡೆದದ್ದು, ತಮ್ಮ ಊರಿನವನೊಬ್ಬ ಹಿಡಿದದ್ದು ಮಾತ್ರ ಕಂಡಿತು. ಆಟದ ಹೊತ್ತಿನಲ್ಲಿ ಶತ್ರುವಿನ ಚೆಂಡು ಸ್ಟ್ಯಾಂಡಿಗೆ ಬಂದರೆ ಅದನ್ನು ಎಂಜಲಿನಂತೆ ಮೈದಾನಕ್ಕೆ ವಾಪಸ್ಸು ಎಸೆಯುವುದು ಪೋರ್ಟ್ ಹ್ಯಾಲೆಟ್‌ನ ಸ್ವಾಭಿಮಾನ. ನಲವತ್ತು ಗಂಟಲುಗಳು ಒಟ್ಟಿಗೆ ಕೂಗಿದವು, “ವಾಪಸ್ ಎಸಿ, ವಾಪಸ್ ಎಸಿ.”

ಅಭ್ಯಾಸದ ಚೆಂಡನ್ನು ಯಾರೂ ವಾಪಸ್ಸು ಎಸೆಯುವುದಿಲ್ಲ. ಎಸೆದಿದ್ದರೆ ಆ ಬೆಂಚಿನ ಮೇಲೆ ಒಂದು ಹೆಸರೂ ಇರುತ್ತಿರಲಿಲ್ಲ. ಇದು ಆರ್ಲೋನ ತಲೆಗೆ ಗೊತ್ತಿತ್ತು. ಆದರೆ ಹತ್ತೊಂಬತ್ತು ವರ್ಷ ಆಟದ ಹೊತ್ತಿನಲ್ಲಿ ಆ ಕೂಗನ್ನು ಎಲ್ಲರಿಗಿಂತ ಜೋರಾಗಿ ಕೂಗಿದವನು ಅವನೇ. ಅವನ ತೋಳು ತಲೆಯನ್ನು ಕೇಳಲಿಲ್ಲ. ಮುಷ್ಕರದ ಘೋಷಣೆಗೆ ಎದ್ದ ಕೈಯಂತೆ ತಾನಾಗಿ ಎದ್ದು, ಚೆಂಡನ್ನು ಬೀಸಿ ಮೈದಾನದ ಹಸಿರಿಗೆ ಎಸೆಯಿತು.

ಟೈರಿನವರು ಚಪ್ಪಾಳೆ ತಟ್ಟಿದರು. ಹನ್ನೊಂದನೇ ಸಾಲಿನಲ್ಲಿ ಹಾರ್ಲನ್ ಕುಸಿದು ಕೂತ. ಆರ್ಲೋ ತನ್ನ ಖಾಲಿ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತ ನಿಂತ.

ಆಮೇಲೆ ವಾದ ನಡೆಯಿತು. ಹಿಡಿದದ್ದು ಹಿಡಿದದ್ದೇ, ಮೂರು ಷರತ್ತೂ ಪೂರೈಸಿವೆ, ಬರೆಯಬೇಕು ಎಂದ ಕ್ಲಿಯೋಟಿಸ್. ಲೋರ್ನಾ ಬಹಳ ಹೊತ್ತು ಪೆನ್ನಿನ ತುದಿಯನ್ನೇ ನೋಡಿದಳು. ಬೆಂಚಿನ ಮೇಲೆ ಚೆಂಡಿಟ್ಟುಕೊಂಡು ಹೆಸರು ಬರೆಯುವುದು ಮೊದಲಿನಿಂದ ನಡೆದು ಬಂದದ್ದು ಎಂದಳು. “ಹಿಡಿದದ್ದೂ ಹೌದು, ಬಿಟ್ಟದ್ದೂ ಹೌದು. ಬಿಟ್ಟುಕೊಟ್ಟವನ ಹೆಸರು ಹೇಗಪ್ಪಾ ಬರೀಲಿ?” ಪೆನ್ನಿಗೆ ಮುಚ್ಚಳ ಬಿತ್ತು.

ಕೆಳಗೆ ಹುಲ್ಲಿನ ಮೇಲೆ ಚೆಂಡು ಆಯುತ್ತಿದ್ದ ಮ್ಯೂಲ್ಸ್ ಆಟಗಾರನೊಬ್ಬ ಇದನ್ನೆಲ್ಲ ನೋಡಿ ನಕ್ಕ. ಆರ್ಲೋ ಎಸೆದ ಚೆಂಡನ್ನೇ ಎತ್ತಿಕೊಂಡು, ಅವನತ್ತ ಕೈಮಾಡಿ, ಮೃದುವಾಗಿ ಮೇಲಕ್ಕೆಸೆದ. ಅದು ಆರ್ಲೋನ ಅಂಗೈಗೆ ಸರಿಯಾಗಿ ಬಂದು ಕೂತಿತು. ಅದೇ ಚೆಂಡು, ಅದೇ ಮನುಷ್ಯ. ಆದರೆ ಈಗ ಕೈಯಿಂದ ಬಂದದ್ದು. ಲೆಕ್ಕಕ್ಕಿಲ್ಲ.

ಅಷ್ಟರಲ್ಲಿ ಕೆಂಪು ಅಂಗಿಯ ಆರ್ವಿಲ್ ಟೆಂಚ್ ಮೆಟ್ಟಿಲು ಹತ್ತಿ ಬಂದ. ಪ್ರೇಕ್ಷಕರನ್ನು ಸರಿಯಾಗಿ ಕೂರಿಸುವುದು, ಸರಿಯಿಲ್ಲದವರನ್ನು ಹೊರಗೆ ಕಳಿಸುವುದು ಅವನ ಕೆಲಸ. ಮೈದಾನದ ಮೇಲೆ ವಸ್ತು ಎಸೆದವರು ಹೊರಗೆ ಹೋಗಬೇಕು, ಮೇಲಿನವರು ಗಾಜಿನ ಕೋಣೆಯಿಂದ ನೋಡಿ ಹೇಳಿ ಕಳಿಸಿದ್ದಾರೆ ಎಂದು ಅವನು ನೆಲ ನೋಡುತ್ತ ಹೇಳಿದ.

ಹತ್ತೊಂಬತ್ತು ವರ್ಷದಲ್ಲಿ ಆರ್ಲೋ ಯಾರೊಂದಿಗೂ ಜಗಳವಾಡಿದವನಲ್ಲ. ಸರಿ ಹೋಗ್ತೀನಪ್ಪಾ ಎಂದು ಕ್ಲಿಯೋಟಿಸ್‌ನ ಗ್ಲೌಸು ಕಳಚಿ ಕೊಟ್ಟು, ತನ್ನದನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದ. ಆದರೆ ಹನ್ನೊಂದನೇ ಸಾಲು ಬಿಡಲಿಲ್ಲ. ಎಲ್ಲರೂ ಎದ್ದು ಆರ್ವಿಲ್‌ನನ್ನು ಹಿಂದಿನ ಗೋಡೆಗೆ ಒತ್ತಿ ಸುತ್ತುವರಿದರು. ಹೋದ ವಾರ ಗಾಜಿನ ಕೋಣೆಯವರು ಷಾಂಪೇನ್ ಬಿರಡೆಗಳನ್ನು ಹುಲ್ಲಿನ ಮೇಲೆ ಹಾರಿಸಿದಾಗ ಎಷ್ಟು ಜನರನ್ನು ಹೊರಗೆ ಹಾಕಿದಿರಿ ಎಂದು ಕ್ಲಿಯೋಟಿಸ್ ಕೇಳಿದ. ನಿಯಮ ಇರುವುದು ಹನ್ನೆರಡು ಡಾಲರ್ ಟಿಕೇಟಿಗೆ ಮಾತ್ರವೋ ಎಂದು ಹಾರ್ಲನ್ ಕೇಳಿದ. ತಮ್ಮ ಕೂಗಿನಿಂದಲೇ ಇಷ್ಟಾಯಿತೆಂದು ತಿಳಿದ ಟೈರಿನವರೂ ನಾಚಿಕೊಂಡು ಬಂದು ಸೇರಿದರು. ಅವರಿಗೆ ಸಂಘದ ಅನುಭವವಿತ್ತು, ಸಾಲಾಗಿ ಕೂತು ಕಾಲು ನೆಲಕ್ಕೆ ಬಡಿಯತೊಡಗಿದರು. ಲೋರ್ನಾ ಆರ್ವಿಲ್‌ನ ಮೂಗಿನ ಹತ್ತಿರ ಬೆರಳು ತಂದು ಹೇಳಿದಳು, “ಏಳನೇ ವಯಸ್ಸಲ್ಲಿ ನನ್ನ ಬಸ್ಸಿನ ಮೂರನೇ ಸೀಟಲ್ಲಿ ವಾಂತಿ ಮಾಡ್ಕೊಂಡವನು ನೀನು. ಅವತ್ತು ನಾನು ನಿನ್ನ ಇಳಿಸಿದ್ನಾ?”

ಇತ್ತ ಆರ್ಲೋ ಬಾಗಿಲು ದಾಟಿದ್ದ. ಕೈಯಿಂದ ಬಂದ ಚೆಂಡನ್ನು ಇಟ್ಟುಕೊಳ್ಳುವುದು ಹನ್ನೊಂದನೇ ಸಾಲಿನ ರೂಢಿಯಲ್ಲ, ಯಾರಿಗಾದರೂ ಕೊಟ್ಟುಬಿಡಬೇಕು. ಗೇಟಿನಲ್ಲಿ ಹೆರನ್ಸ್ ಟೋಪಿ ಹಾಕಿಕೊಂಡು ಗಾಲಿಕುರ್ಚಿಯಲ್ಲಿ ಒಳಗೆ ಹೋಗುತ್ತಿದ್ದ ಮುದುಕನೊಬ್ಬನ ಮಡಿಲಲ್ಲಿ ಅದನ್ನಿಟ್ಟು, ಸ್ಟ್ಯಾಂಡಿನ ಹಿಂದಿನ ಬೀದಿಗೆ ಬಂದು ಬಸ್ ನಿಲ್ದಾಣದಲ್ಲಿ ನಿಂತ. ಬೀದಿಯಲ್ಲಿ ಅವನ ಹೊರತು ಯಾರೂ ಇರಲಿಲ್ಲ. ಮೇಲೆ ನೋಡಿದರೆ ಗೋಡೆಯ ತುದಿಯಲ್ಲಿ ಆರ್ವಿಲ್‌ನ ಕೆಂಪು ಬೆನ್ನು, ಅದರಾಚೆ ತನ್ನ ಹೆಸರು ಹಿಡಿದು ಕೂಗುತ್ತಿರುವ ಐವತ್ತು ಜನರ ದನಿ.

ಹಾಗೆ ಕೇಳುತ್ತ ನಿಂತಿರುವಾಗ, ದೂರದಲ್ಲಿ ಕೊಡಲಿ ಮರಕ್ಕೆ ಬಿದ್ದಂತೆ ಒಂದು ಸದ್ದಾಯಿತು. ಬ್ರೋಗನ್‌ನ ಕೊನೆಯ ಹೊಡೆತ. ಚೆಂಡು ಹನ್ನೊಂದು ಸಾಲುಗಳನ್ನೂ, ಲೋರ್ನಾಳ ಬೆರಳನ್ನೂ, ಆರ್ವಿಲ್‌ನ ತಲೆಯನ್ನೂ ದಾಟಿ, ಸಂಜೆಯ ಬಿಸಿಲಲ್ಲಿ ಒಮ್ಮೆ ಮಿಂಚಿ, ಗೋಡೆಯಾಚೆ ಬೀದಿಗೆ ಇಳಿಯತೊಡಗಿತು. ಬಲಕ್ಕೆ ನಾಲ್ಕು ಎನ್ನುವವರಿರಲಿಲ್ಲ, ಎಡಕ್ಕೆ ಎರಡು ಎನ್ನುವವರೂ ಇರಲಿಲ್ಲ. ಆರ್ಲೋ ತನ್ನ ಹಳೆಯ ಗ್ಲೌಸಿಗೆ ಎಡಗೈ ತೂರಿಸಿ ಮೂರು ಹೆಜ್ಜೆ ಹಿಂದಕ್ಕೆ ಹೋಗಿ, ಎದೆಯ ಹತ್ತಿರ ಅದನ್ನು ಹಿಡಿದ. ಅಲುಗಾಟವಿಲ್ಲದ, ಪಾಠ ಹೇಳಿಕೊಡಬಹುದಾದಂಥ ಹಿಡಿತ.

ಅವನು ಮೇಲೆ ನೋಡಿದ. ಕೆಂಪು ಬೆನ್ನು ಅಲ್ಲೇ ಇತ್ತು. “ಲೋರ್ನಾ” ಎಂದು ಕೂಗಿದ. ಕಾಲು ಬಡಿಯುವ ಸದ್ದಿನಲ್ಲಿ ಅದು ಮುಳುಗಿಹೋಯಿತು.

ಐದು ನಿಮಿಷದ ಮೇಲೆ ಗೋಡೆಯಾಚೆ ದೊಡ್ಡ ಹರ್ಷೋದ್ಗಾರವಾಯಿತು. ಆರ್ವಿಲ್ ತನ್ನ ಮೇಲಿನವನಿಗೆ ಫೋನು ಮಾಡಿದ್ದ. ಮೇಲಿನವನಿಗೆ ಹನ್ನೊಂದು ಸಾಲು ಹತ್ತಿ ಬರುವ ಮನಸ್ಸಿರಲಿಲ್ಲ, ಹಾಳಾಗಿ ಹೋಗಲಿ ಒಳಗೆ ಬಿಡು ಎಂದಿದ್ದ. ಕ್ಲಿಯೋಟಿಸ್, ಲೋರ್ನಾ, ಹಾರ್ಲನ್ ಮೂವರೂ ಗೋಡೆಯಿಂದ ಬಗ್ಗಿ, ಗೆದ್ದೆವು ಕಣಯ್ಯಾ, ಬೇಗ ಬಾ ಎಂದು ಕೈಬೀಸಿದರು. ಆರ್ಲೋ ಚೆಂಡನ್ನು ಎತ್ತಿ ಹಿಡಿದು ತೋರಿಸಿದ. ಮೇಲಿದ್ದವರು ಅದು ಮ್ಯೂಲ್ಸ್ ಹುಡುಗ ಎಸೆದ ಚೆಂಡೆಂದುಕೊಂಡು ಮರುಕದಿಂದ ತಲೆಯಾಡಿಸಿದರು.

ಅವನು ಏದುಸಿರು ಬಿಡುತ್ತ ಹನ್ನೊಂದನೇ ಸಾಲು ತಲುಪುವಷ್ಟರಲ್ಲಿ ಅಭ್ಯಾಸ ಮುಗಿದು, ಅದರ ಬಲೆಯನ್ನು ಗಾಲಿಗಳ ಮೇಲೆ ತಳ್ಳಿಕೊಂಡು ಹೋಗುತ್ತಿದ್ದರು. ಆರ್ಲೋ ನಡೆದದ್ದನ್ನೆಲ್ಲ ಹೇಳಿದ. ಎಲ್ಲರೂ ಗಮನವಿಟ್ಟು ಕೇಳಿದರು. ಮೀನು ಹಿಡಿದು ಬಂದವನು ಎರಡೂ ಕೈ ಅಗಲಿಸಿ ಅಳತೆ ತೋರಿಸುವಾಗ ನೆಂಟರಿಷ್ಟರು ಕೇಳುವಂಥ ಗಮನ ಅದು.

“ಆ ಮ್ಯೂಲ್ಸ್ ಹುಡುಗ ಕೊಟ್ಟ ಚೆಂಡು ಎಲ್ಲಿ ಹಾಗಾದ್ರೆ?” ಎಂದಳು ಲೋರ್ನಾ.

ಗಾಲಿಕುರ್ಚಿಯ ಮುದುಕನಿಗೆ ಕೊಟ್ಟೆ ಎಂದ ಆರ್ಲೋ. ಆ ಮುದುಕ ಯಾರು, ಎಲ್ಲಿ ಕೂತಿದ್ದಾನೆ ಎಂದರೆ ಅವನಿಗೆ ಗೊತ್ತಿರಲಿಲ್ಲ. ಮೈದಾನದಲ್ಲಿ ಆಗಲೇ ಹದಿನೈದು ಸಾವಿರ ಜನ ಸೇರಿದ್ದರು.

ಟೈರಿನವನೊಬ್ಬ, ಹೌದು, ಒಂದು ಚೆಂಡು ತಲೆ ಮೇಲೆ ಹೋದ ಹಾಗಾಯಿತು ಎಂದ. ಹನ್ನೊಂದನೇ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂವತ್ತು ವರ್ಷದಲ್ಲಿ ಇದೇ ಮೊದಲ ಸಲ ತಾವೆಲ್ಲ ಬ್ಯಾಟಿಗೆ ಬೆನ್ನು ಹಾಕಿ ನಿಂತದ್ದು, ಅದೂ ಇವನಿಗೋಸ್ಕರ ಎಂದು ಲೋರ್ನಾಗೆ ಹೊಳೆಯಿತು. ಆಕೆ ಪೆನ್ನು ತೆಗೆದಳು, ಮುಚ್ಚಳ ಮಾತ್ರ ತೆಗೆಯಲಿಲ್ಲ. ಚೆಂಡನ್ನು ಹಾರ್ಲನ್‌ಗೆ ಕೊಟ್ಟು, ನೋಡು ಎಂದಳು.

ಹಾರ್ಲನ್ ಕನ್ನಡಕ ಒರೆಸಿಕೊಂಡು ಚೆಂಡನ್ನು ಸುತ್ತ ತಿರುಗಿಸಿ ನೋಡಿದ. ಅವನೂ ಹೇಗಾದರೂ ಮಾಡಿ ಆರ್ಲೋನ ಪರವಾಗಿ ಏನಾದರೂ ಸಿಗಲಿ ಎಂದೇ ಹುಡುಕುತ್ತಿದ್ದ. ಕೊನೆಗೆ ಕನ್ನಡಕ ತೆಗೆದ.

“ಗೋಡೆ ದಾಟಿ ರಸ್ತೆಗೆ ಹೋದ ಚೆಂಡು ಅಂದ್ರೆ ಡಾಂಬರಿನ ಗುರುತು ಇರಬೇಕಿತ್ತು, ಆರ್ಲೋ. ಇದರ ಮೇಲೆ ಒಂದು ಚುಕ್ಕೆಯೂ ಇಲ್ಲ.”

“ನೆಲಕ್ಕೆ ಬಿಡಲಿಲ್ಲವಲ್ಲ ಮಾರಾಯ, ಅದಕ್ಕೇ ಇಲ್ಲ.”

“ಅದನ್ನ ನೋಡಿದವರು ಯಾರು?”

ಕ್ಲಿಯೋಟಿಸ್ ಮೆಲ್ಲಗೆ ಹತ್ತಿರ ಬಂದು, ಈಗಲೇ ಕೆಳಗೆ ಹೋಗಿ ರಸ್ತೆಗೆ ಒಂದು ಸಲ ಉಜ್ಜಿಕೊಂಡು ಬಂದರೆ ಹೇಗೆ ಎಂದು ಕೇಳಿದ. ಗುರುತು ಇದ್ದರೆ ನೆಲಕ್ಕೆ ಬಿದ್ದದ್ದು ಅಂತಾಗುತ್ತದೆ, ಬಿದ್ದದ್ದಕ್ಕೆ ಹೆಸರಿಲ್ಲ ಎಂದು ಹಾರ್ಲನ್ ದುಃಖದಿಂದ ಹೇಳಿದ.

ಆರ್ಲೋ ಒಂದು ಕ್ಷಣ ಚೆಂಡನ್ನು ನೋಡಿದ, ಒಂದು ಕ್ಷಣ ಬೆಂಚಿನ ಬೆನ್ನನ್ನು ನೋಡಿದ. ಆಮೇಲೆ ಅವನಿಗೆ ನಗು ಬಂತು. ಮೊದಲು ಮೂಗಿನಲ್ಲಿ, ನಂತರ ಹೊಟ್ಟೆಯಲ್ಲಿ, ಕೊನೆಗೆ ಬೆಂಚು ಅಲುಗುವಷ್ಟು. ಅವನು ನಕ್ಕದ್ದು ನೋಡಿ ಲೋರ್ನಾಗೂ ತಡೆಯಲಾಗಲಿಲ್ಲ. ಆಕೆ ಪೆನ್ನನ್ನು ಜೇಬಿಗೆ ತುರುಕಿ, ಸರಿದು ಜಾಗ ಮಾಡಿಕೊಟ್ಟು, ನೆಂಟನಿಗೆ ಕಡಲೆಕಾಯಿಯ ಪೊಟ್ಟಣ ಹಿಡಿದಳು.